ಖಾಲಿ ಡ್ರೈಯರ್

ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರನ್ನಾದರೂ ಪಾಲಕನನ್ನಾಗಿ, ಅಂದರೆ ಪಾಸ್ಟರನನ್ನಾಗಿ, ನೇಮಿಸುವ ಮುಂಚೆ ಹಿರಿಯರು ಅವನ ಮನೆಗೆ ಊಟಕ್ಕೆ ಬರುತ್ತಾರೆ. ಅದಕ್ಕೆ ‘ಮನೆ ನೋಡುವುದು’ ಎಂದು ಹೆಸರು. ಹೆಣ್ಣು ನೋಡಲು ಬಂದವರ ಹಾಗೆಯೇ ಬರುತ್ತಾರೆ, ಇಸ್ತ್ರಿ ಅಂಗಿ, ಕೈಯಲ್ಲಿ ಮಿಠಾಯಿ ಡಬ್ಬಿ. ಅವನು ಎಷ್ಟು ಓದಿದ್ದಾನೆ, ಹೇಗೆ ಬೋಧಿಸುತ್ತಾನೆ ಎಂದು ವಿಚಾರಿಸುವುದಿಲ್ಲ. ಹೆಂಡತಿ ಹೇಗೆ ಬಡಿಸುತ್ತಾಳೆ, ಮಕ್ಕಳು ಕರೆದರೆ ಬರುತ್ತಾರೋ ಇಲ್ಲವೋ ನೋಡುತ್ತಾರೆ. ಊಟವಾದ ಮೇಲೆ ಗಂಡ ಹೆಂಡತಿಯನ್ನು ಬಿಟ್ಟು, ಆ ಮನೆಯಲ್ಲೇ ಇರುವ ಇನ್ನೊಬ್ಬರನ್ನು ‘ಮನೆ ಹೇಗಿದೆ’ ಎಂದು ಕೇಳುತ್ತಾರೆ. ನನ್ನ ತಮ್ಮನ ಮನೆಯಲ್ಲಿ ಆ ಇನ್ನೊಬ್ಬಳು ನಾನು.

ಈ ಪದ್ಧತಿ ಮೊದಲ ಕಾಲದ ಸಭೆಗಳಿಂದ ಬಂದದ್ದು ಎನ್ನುತ್ತಾರೆ. ಆಗಿನ ಮುಖಂಡರು ಸನ್ಯಾಸಿಗಳಲ್ಲ, ಸಂಸಾರಸ್ಥರು. ಒಬ್ಬಳೇ ಹೆಂಡತಿ ಇರಬೇಕು, ಮಕ್ಕಳು ಮಾತು ಕೇಳಬೇಕು, ಬಂದವರಿಗೆ ಊಟ ಸಿಗಬೇಕು. ಸ್ವಂತ ಮನೆಯನ್ನೇ ಹಿಡಿತದಲ್ಲಿ ಇಟ್ಟುಕೊಳ್ಳಲಾರದವನ ಕೈಗೆ ಊರಿನ ಸಭೆ ಕೊಡಬಾರದು. ಪಾಲಕನಿಲ್ಲದ ನಮ್ಮ ಸಭೆಗೆ ಬೋಧಿಸುತ್ತಿದ್ದ ನನ್ನ ತಮ್ಮ ಇದನ್ನು ಭಾನುವಾರ ಮಧ್ಯಾಹ್ನ, ಅಮೆರಿಕನ್ನರ ಚರ್ಚಿನಲ್ಲಿ ನಾವು ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ, ಬಹಳ ಚೆನ್ನಾಗಿ ಹೇಳುತ್ತಿದ್ದ. ಪ್ರಭುವಿನ ಹಿಂದೆ ಬಲೆ ಬಿಟ್ಟು ಬಂದ ಶಿಷ್ಯರಲ್ಲಿ ಮೀನು ಹಿಡಿಯುವವನೊಬ್ಬ ಇದ್ದನಲ್ಲ, ಅವನ ಅತ್ತೆಗೆ ಜ್ವರ ಬಂದಿತ್ತು. ಅತ್ತೆ ಇದ್ದಳೆಂದರೆ ಹೆಂಡತಿ ಇದ್ದೇ ಇದ್ದಳು. ಜ್ವರ ಬಿಟ್ಟ ಗಳಿಗೆಯಲ್ಲೇ ಅತ್ತೆ ಎದ್ದು ಎಲ್ಲರಿಗೂ ಬಡಿಸಿದಳು. ‘ನೋಡ್ರಿ, ಅದಕ್ಕ ಮನಿ ಅಂತಾರ’ ಎಂದು ತಮ್ಮ ಮೇಜು ತಟ್ಟುತ್ತಿದ್ದ. ಹೆಂಗಸರು ತಲೆಯಾಡಿಸುತ್ತಿದ್ದರು. ನಾನೂ ಆಡಿಸುತ್ತಿದ್ದೆ.

ಅವನ ದೊಡ್ಡ ಮಗಳಿಗೆ ಆಗ ಹದಿನೇಳು. ಒಂದು ಭಾನುವಾರ ಈ ಮಾತಿನ ನಡುವೆಯೇ ಕೈ ಎತ್ತಿದಳು.

“ಆ ಫಿಶರ್‌ಮನ್‌ಗೆ ಕಿಡ್ಸ್ ಇರಲಿಲ್ವಾ? ಅವನು ಬಲೆ ಬಿಟ್ಟು ಹೋದ್ಮೇಲೆ ಹೂ ಫೆಡ್ ದೆಮ್?”

ತಮ್ಮ ನಕ್ಕು, “ದೇವರು ನೋಡಿಕೋತಾನ” ಎಂದ.

“ಬಟ್ ನೋಬಡಿ ರೋಟ್ ಇಟ್ ಡೌನ್. ಅತ್ತೆ ಜ್ವರ ಬರ್ದಿದಾರೆ. ಮಕ್ಕಳನ್ನ ಮರ್ತೇಬಿಟ್ರಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಮ್ಮನ ಕಿವಿ ಕೆಂಪಾಯಿತು. ಅಂದಿನಿಂದ ಅವನು ಮನೆಯಲ್ಲಿ ಅವಳನ್ನು ‘ಆಕಿ’ ಎನ್ನತೊಡಗಿದ, ಹೆಸರು ಹಿಡಿದು ಕರೆಯಲಿಲ್ಲ.

ನಮ್ಮ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಪ್ಪ ಬೆಟಗೇರಿಯಲ್ಲಿ ಚರ್ಚಿನ ಗಂಟೆ ಬಾರಿಸುವವನು. ಗಂಟೆ ಬಾರಿಸಿ, ಒಳಗೆ ಬಂದು, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂಡುತ್ತಿದ್ದ. ಮುಂದಿನ ಬೆಂಚಿನಲ್ಲಿ ಒಮ್ಮೆಯೂ ಕೂತವನಲ್ಲ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ತಮ್ಮ ಓದಿದ, ನರ್ಸ್ ಒಬ್ಬಳನ್ನು ಮದುವೆಯಾದ. ಅವಳಿಗೆ ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ಇವನು ಬಂದ. ಹತ್ತು ಕೆಲಸ ಹಿಡಿದ, ಹತ್ತೂ ಬಿಟ್ಟ. ಊರಾಚೆಯ ಸೈಪ್ರೆಸ್ಸಿನಲ್ಲಿ ಮನೆ ಕೊಂಡದ್ದು ಅವಳ ದುಡಿಮೆಯಿಂದ. ಎಷ್ಟೋ ವರ್ಷ ಕಾದು ನನಗೆ ವೀಸಾ ಸಿಕ್ಕಾಗ ಅವರಿಗೆ ಮೂರು ಮಕ್ಕಳಿದ್ದವು: ಈ ದೊಡ್ಡವಳು, ಒಬ್ಬ ಹುಡುಗ, ಒಂದು ಚಿಕ್ಕ ಹುಡುಗಿ. ಆ ಮನೆಯಲ್ಲಿ ತಮ್ಮನದು ಎಂದು ಹೇಳಿಕೊಳ್ಳಲು ಇದ್ದದ್ದು ಭಾನುವಾರದ ಆ ಹಾಲ್ ಮಾತ್ರ. ಅವನು ಪಾಲಕನಾದರೆ ಗಂಟೆ ಬಾರಿಸುವವನ ಮಗ ಮುಂದೆ ನಿಲ್ಲುತ್ತಾನೆ. ಇದು ಅವನಿಗಿಂತ ನನಗೆ ಹೆಚ್ಚು ಬೇಕಾಗಿತ್ತು.

ದೊಡ್ಡವಳು ನನಗೆ ಈ ದೇಶವನ್ನು ಕಲಿಸಿದವಳು. ನಾನು ಬಂದ ಹೊಸದರಲ್ಲಿ ಅವಳಿನ್ನೂ ಚಿಕ್ಕವಳು. ಬಟ್ಟೆ ಒಣಗಿಸುವ ಡ್ರೈಯರಿನ ಮುಂದೆ ನಿಂತು ನಾನು ಹೆದರುತ್ತಿದ್ದುದನ್ನು ನೋಡಿ, ನನ್ನಿಂದ ಕನ್ನಡ ಅಕ್ಷರ ಬರೆಸಿಕೊಂಡು, ಅದನ್ನು ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸಿದ ಹಾಗೆ ನಕಲು ಮಾಡಿ, ಗುಂಡಿಗಳ ಮೇಲೆ ಅಂಟಿಸಿದ್ದಳು. ಒಂದರ ಮೇಲೆ ‘ಬಿಸಿ’. ಇನ್ನೊಂದರ ಮೇಲೆ ‘ತಂಪು’.

“ತಂಪು ಅಂದ್ರೆ ಓನ್ಲಿ ಗಾಳಿ, ಅತ್ತಿ. ಬಿಸಿ ಅಂದ್ರೆ ರಿಯಲಿ ಬಿಸಿ. ಸೀರೆ ಹಾಕಿದ್ರೆ ಶ್ರಿಂಕ್ ಆಗತ್ತೆ.”

ಮಕ್ಕಳಿಲ್ಲದ ನನಗೆ ಅವಳು ಮಗಳ ಹಾಗೆ ಇದ್ದಳು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಮಗಳ ಹಾಗೆ ಇದ್ದವಳಿಗೆ ನಾನು ಮಾಡಿದ್ದನ್ನು ಯಾರೂ ಮಾಡುವುದಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವಳಿಗೆ ದೀಕ್ಷಾಸ್ನಾನ ಕೊಡಿಸುವುದು ಎಂದು ನಿಶ್ಚಯವಾಯಿತು. ನಮ್ಮಲ್ಲಿ ದೊಡ್ಡವರಾದ ಮೇಲೆ ನೀರಿನಲ್ಲಿ ಮುಳುಗಿ ದೀಕ್ಷೆ ತೆಗೆದುಕೊಳ್ಳುತ್ತಾರೆ. ನಮ್ಮ ಬಡಾವಣೆಯ ಈಜುಕೊಳವನ್ನು ಬೆಳಿಗ್ಗೆ ಬೇಗನೆ ಕೇಳಿ ಪಡೆದಿದ್ದೆವು. ಸಭೆಯವರೆಲ್ಲ ಟವೆಲು ಹಾಸಿದ ಉದ್ದ ಕುರ್ಚಿಗಳ ಮೇಲೆ ಕೂತಿದ್ದರು. ತಮ್ಮ ಎದೆಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದ. ಅವಳು ಬಿಳಿ ಕುರ್ತಾದಲ್ಲಿ ಮೆಟ್ಟಿಲಿಳಿದಳು, ಮೊಣಕಾಲು ಮುಳುಗುವವರೆಗೆ. ಅಲ್ಲಿ ನಿಂತಳು.

“ಬಾ.”

“ನೋ, ಅಪ್ಪ. ನಂಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ದೆ ಹೇಗೆ ಹೂಂ ಅನ್ಲಿ?”

ಜೋರಾಗಿ ಹೇಳಲಿಲ್ಲ, ಜಗಳವಾಡಲಿಲ್ಲ. ತಿರುಗಿ ಮೆಟ್ಟಿಲು ಹತ್ತಿದಳು. ಎಲ್ಲರ ಮುಂದೆ ಚಾಚಿದ ಕೈಯನ್ನು ತಮ್ಮ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಆ ಕೈಯಿಂದಲೇ ಮುಖ ತೊಳೆದುಕೊಂಡ.

ಆಗಸ್ಟಿನಲ್ಲಿ ಮನೆ ನೋಡಲು ಹಿರಿಯರು ಬರುವರೆಂದು ಸುದ್ದಿ ಬಂತು. ಒಬ್ಬರು ಡಲ್ಲಾಸಿನವರು, ಇನ್ನೊಬ್ಬರು ಆಸ್ಟಿನ್ ಹತ್ತಿರದ ರೌಂಡ್ ರಾಕಿನವರು. ತಮ್ಮ ಅಡುಗೆಮನೆಗೆ ಬಂದು ಹೇಳಿದ, “ಅಕ್ಕಾ, ಆಕಿ ಅವತ್ತು ಲೈಬ್ರರಿಗೆ ಹೋಗ್ತಾಳ. ಅವರು ಹೋಗೂತನಕ ಬರೂದಿಲ್ಲ. ನೀ ಆಕಿ ಮಾತು ಎತ್ತಬ್ಯಾಡ.”

“ಅವರ ಕೇಳಿದ್ರ?”

“ಕೇಳಿದ್ರ ಮಾತು ಬ್ಯಾರೆ ಕಡೆ ಒಯ್ಯಿ. ನಿನಗೇನ್ ಮಾತಿಗಿ ಬರ ಬಂದೈತಿ?”

ಸುಳ್ಳು ಹೇಳು ಎಂದು ಅವನು ಅನ್ನಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಹಿಂದಿನ ಸಂಜೆ ದೊಡ್ಡವಳು ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತಳು. ಆ ದಿನಗಳಲ್ಲಿ ಅಪ್ಪ ಅವಳೊಡನೆ ಮಾತಾಡುತ್ತಿರಲಿಲ್ಲ. ಅವಳ ಅಮ್ಮ ಆಸ್ಪತ್ರೆಯಲ್ಲಿ ಹೆಚ್ಚು ಪಾಳಿ ಮಾಡುತ್ತಿದ್ದಳು, ಮನೆಯಲ್ಲಿ ಇರಬಾರದೆಂದೋ ಏನೋ.

“ಅತ್ತಿ, ನಾಳೆ ಅವ್ರು ನಿನ್ನನ್ನೇ ಅಲ್ವಾ ಕೇಳೋದು?”

“ಹೂಂ.”

“ನಂಗೆ ಹೊರಗೆ ಬಂದು ನಿಲ್ಲೋದು ಬೇಡ. ಐ ಡೋಂಟ್ ಕೇರ್. ಆದ್ರೆ ನಾನೂ ಇಲ್ಲಿರ್ತೀನಿ ಅಂತ ಯೂ ವಿಲ್ ಸೇ ಇಟ್, ರೈಟ್? ಯಾರೋ ಒಬ್ರು ಹೇಳ್ಬೇಕು.”

“ಹೇಳ್ತೇನವ್ವಾ” ಎಂದೆ.

ಮರುದಿನ ಹಿರಿಯರು ಬಂದರು. ಡಲ್ಲಾಸಿನವರು ಮೈಸೂರು ಕಡೆಯವರು, ದಪ್ಪ, ನಗುಮುಖ. ಡಲ್ಲಾಸಿನಲ್ಲಿ ಅವರದು ನಾಣ್ಯ ಹಾಕಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ. ರೌಂಡ್ ರಾಕಿನವರು ಮಾತು ಕಡಿಮೆ, ಊಟ ಹೆಚ್ಚು.

“ನೋಡಮ್ಮಾ, ಈ ರೊಟ್ಟಿಗೋಸ್ಕರಾನೇ ಡಲ್ಲಾಸಿಂದ ಡ್ರೈವ್ ಮಾಡ್ಕೊಂಡು ಬಂದಿದ್ದು ನಾವು. ನಿಮ್ಮ ತಮ್ಮನ್ನ ನೋಡೋಕಲ್ಲ.”

“ಹಂಗಾದ್ರ ನನ್ನನ್ನ ಪಾಲಕಿ ಮಾಡ್ರಿ” ಎಂದೆ.

ಎಲ್ಲರೂ ನಕ್ಕರು. ಈ ದೇಶಕ್ಕೆ ಬಂದ ಮೇಲೆ ನನ್ನ ಮಾತಿಗೆ ಗಂಡಸರು ನಕ್ಕದ್ದು ಅದೇ ಮೊದಲು. ಆ ನಗು ನನಗೆ ತಲೆಗೇರಿತು. ಹುಡುಗ ನೀರು ತಂದಿಟ್ಟ. ಚಿಕ್ಕವಳು ಕೈಮುಗಿದು ಒಂದು ಕೀರ್ತನೆ ಹಾಡಿದಳು. ತಮ್ಮನ ಹೆಂಡತಿ ಬಡಿಸುತ್ತಿದ್ದಳು, ಯಾರ ಮುಖವನ್ನೂ ನೋಡದೆ.

ಎಣ್ಣೆಗಾಯಿ ಪಾತ್ರೆ ತರಲು ಒಳಗೆ ಹೋದಾಗ ಬಾಗಿಲು ಸದ್ದಾಯಿತು. ನಮ್ಮ ಮನೆಯಲ್ಲಿ ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದು ಚಿಕ್ಕ ಒಗೆಯುವ ಕೋಣೆ ಇದೆ. ಕಿಟಕಿ ಇಲ್ಲ. ವಾಷರ್, ಡ್ರೈಯರ್, ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ದೊಡ್ಡವಳು ನಿಂತಿದ್ದಳು. ಕಣ್ಣು ಕೆಂಪು. ಗೋಡೆ ಹಿಡಿದಿದ್ದಳು.

“ಅತ್ತಿ, ಐ ಹ್ಯಾವ್ ಫೀವರ್. ಲೈಬ್ರರೀಲಿ ಕೂರೋಕಾಗ್ಲಿಲ್ಲ. ಮೇಲೆ ಹೋಗಿ ಮಲ್ಕೋತೀನಿ, ಅಷ್ಟೇ.”

ಮೇಲೆ ಹೋಗುವ ಮೆಟ್ಟಿಲು ಊಟದ ಮೇಜಿನ ಪಕ್ಕದಲ್ಲಿತ್ತು. ಅವಳ ಹಣೆ ಮುಟ್ಟಿದೆ. ಸುಡುತ್ತಿತ್ತು. ನನಗೆ ಕರುಣೆ ಬರಲಿಲ್ಲ. ಸಿಟ್ಟು ಬಂತು. ಒಂದು ದಿನ, ನಮ್ಮ ಮನೆತನಕ್ಕೆ ಒಂದೇ ಒಂದು ದಿನ, ಅದನ್ನೂ ಕೆಡಿಸಲು ಬಂದಳು ಎಂದುಕೊಂಡೆ.

“ಇಲ್ಲೇ ಕೂಡು. ಉಸಿರು ಬಿಡಬ್ಯಾಡ” ಎಂದೆ.

ಅವಳು ನೆಲದ ಮೇಲೆ, ಡ್ರೈಯರಿಗೆ ಬೆನ್ನು ಕೊಟ್ಟು ಕುಸಿದಳು. ಕೆಮ್ಮು ಬಂತು. ದುಪ್ಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು, ಆದರೂ ಬಂತು. ಆಚೆ ಮಾತು ಒಂದು ಕ್ಷಣ ನಿಂತ ಹಾಗನಿಸಿತು. ನಾನು ಅವಳ ತಲೆಯ ಮೇಲಿಂದ ಕೈ ಚಾಚಿ ಡ್ರೈಯರಿನ ಗುಂಡಿ ಒತ್ತಿದೆ. ಒಳಗೆ ಒಂದು ಕರವಸ್ತ್ರವೂ ಇರಲಿಲ್ಲ. ಅದು ಗುರ್ರೆಂದು ತಿರುಗತೊಡಗಿತು. ಬಾಗಿಲು ಎಳೆದುಕೊಂಡು ಎಣ್ಣೆಗಾಯಿ ತೆಗೆದುಕೊಂಡು ಹೊರಗೆ ಬಂದೆ.

ಊಟ ಮುಗಿಯಿತು. ಡಲ್ಲಾಸಿನ ಹಿರಿಯರು ಕೈ ಒರೆಸಿಕೊಂಡು ನನ್ನ ಕಡೆಗೆ ಕುರ್ಚಿ ತಿರುಗಿಸಿದರು. ತಮ್ಮ ತಟ್ಟೆ ನೋಡುತ್ತಿದ್ದ.

“ಈಗ ಹೇಳಿ ಅಮ್ಮಾ. ನೀವು ಮನೆ ಹಿರಿಯರು. ಮನೆ ಹೇಗಿದೆ?”

“ಚಲೋ ಐತ್ರಿ. ದೇವರ ದಯಾ.”

“ಮಕ್ಕಳು?”

ನಾನು ಮಾತು ತಿರುಗಿಸಬಹುದಿತ್ತು. ‘ಚಲೋ ಅದಾವ’ ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟು ಜನ ಎಂದು ಅವರು ಕೇಳಲೇ ಇಲ್ಲ. ಆದರೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಾನು ಹೇಳುವುದಕ್ಕಾಗಿ ಗಂಡಸರು ಕಾಯುತ್ತಿದ್ದರು. ನಾನು ದನಿ ಎತ್ತಿ ಹೇಳಿದೆ:

“ಇಬ್ಬರು ಮಕ್ಕಳ್ರಿ. ಇಬ್ಬರೂ ಹಾಕಿದ ಗೆರಿ ದಾಟೂದಿಲ್ಲ.”

ತಮ್ಮ ತಲೆ ಎತ್ತಿದ. ಅವನ ಮುಖದಲ್ಲಿ ಭಯವಿತ್ತು, ನಂತರ ಕೃತಜ್ಞತೆ. ತಮ್ಮನ ಹೆಂಡತಿಯ ಕೈಯಲ್ಲಿ ಮೊಸರಿನ ಚಮಚ ಇತ್ತು. ಅವಳು ಅದನ್ನು ರೌಂಡ್ ರಾಕಿನವರ ತಟ್ಟೆಯ ಮೇಲೆ ಹಿಡಿದು, “ಇನ್ನೊಂಚೂರು ಹಾಕ್ಲಾ?” ಎಂದಳು. ಹುಡುಗ ನನ್ನನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ. ಚಿಕ್ಕವಳು ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಅವಳ ತೊಡೆಯನ್ನು ಮೇಜಿನ ಕೆಳಗೆ ನಾನು ಚಿವುಟಿದೆ.

ಅವರು ಬಹಳ ಹೊತ್ತು ಕೂತರು. ಚಹಾ ಕುಡಿದರು, ಪ್ರಾರ್ಥನೆ ಮಾಡಿದರು, ಮಕ್ಕಳಿಬ್ಬರ ತಲೆಯ ಮೇಲೆ ಕೈಯಿಟ್ಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಆ ಕೆಮ್ಮು ಕೇಳಿಸಿಕೊಂಡಿದ್ದ ತಮ್ಮನ ಹೆಂಡತಿ ಓಡಿ ಹೋಗಿ ಒಗೆಯುವ ಕೋಣೆಯ ಬಾಗಿಲು ತೆರೆದಳು. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಡ್ರೈಯರ್ ಇನ್ನೂ ತಿರುಗುತ್ತಿತ್ತು. ಹುಡುಗಿ ಗೋಡೆಗೆ ಒರಗಿದ್ದಳು, ತುಟಿ ಒಡೆದಿತ್ತು, ಬಟ್ಟೆ ನೆನೆದು ಮೈಗಂಟಿತ್ತು. ತಾಯಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

“ವಿಚ್ ಟೂ, ಅತ್ತಿ?”

ಎದ್ದು ನಿಂತಳು, ಎಲ್ಲರನ್ನೂ ದಾಟಿ ಮೆಟ್ಟಿಲು ಹತ್ತಿದಳು. ನಾನು ತಟ್ಟೆ ತೊಳೆಯಲು ಹೋದೆ.

ತಮ್ಮ ಪಾಲಕನಾದ. ಡಲ್ಲಾಸಿನಲ್ಲಿ ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟು ನೇಮಿಸಿದರು. ನಾನು ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತೆ. ಅಪ್ಪನನ್ನು ನೆನೆದು ಅತ್ತೆ. ಜನ ನನ್ನನ್ನು ನೋಡಿ ಎಂಥ ಅಕ್ಕ ಎಂದರು. ದೊಡ್ಡವಳು ಹದಿನೆಂಟು ತುಂಬಿದ ವಾರವೇ ಮನೆ ಬಿಟ್ಟಳು. ರೌಂಡ್ ರಾಕಿನಲ್ಲಿ ಗೆಳತಿಯೊಬ್ಬಳ ಜೊತೆ ಅಪಾರ್ಟ್‌ಮೆಂಟ್ ಹಿಡಿದು, ಅಂಗಡಿಯಲ್ಲಿ ಕೆಲಸ ಮಾಡುತ್ತ ಕಾಲೇಜಿಗೆ ಸೇರಿದಳು. ಅವಳ ಅಮ್ಮ ರಜೆ ಸಿಕ್ಕಾಗಲೆಲ್ಲ ಟೂ ನೈಂಟಿ ಹೈವೇ ಹಿಡಿದು ಹೋಗಿ ಬರುತ್ತಿದ್ದಳು. ನಾನು ಮಾಡಿಕೊಟ್ಟ ಚಟ್ನಿಪುಡಿಯನ್ನು ಒಯ್ಯುತ್ತಿರಲಿಲ್ಲ. ಒಮ್ಮೆ ಡಬ್ಬಿಯನ್ನು ಅವಳ ಕಾರಿನಲ್ಲೇ ಇಟ್ಟೆ. ವಾಪಸು ಬಂದಾಗ ಅದು ಇಟ್ಟಲ್ಲೇ ಇತ್ತು, ಬಿಸಿಲಿಗೆ ಎಣ್ಣೆ ಬಿಟ್ಟಿತ್ತು.

“ಆಕಿ ಬ್ಯಾಡ ಅಂದ್ಲಾ?” ಎಂದು ಕೇಳಿದೆ.

“ಇಲ್ಲ ಅಕ್ಕಾರ. ನಾನ ಕೊಡಲಿಲ್ಲ” ಎಂದಳು. ಆಮೇಲೆ ತಾನಾಗಿಯೇ, “ನಾನೂ ಮೊಸರು ಬಡಿಸಿದ್ನಲ್ಲ, ನಿಮಗೇನ್ ಅನ್ನಲಿ” ಎಂದಳು. ಆ ಮನೆಯಲ್ಲಿ ಆ ದಿನದ ಬಗ್ಗೆ ಯಾರಾದರೂ ಆಡಿದ ಮಾತು ಅದೊಂದೇ.

ಕೆಲವು ವರ್ಷಗಳ ನಂತರ ಹ್ಯೂಸ್ಟನ್, ಡಲ್ಲಾಸ್, ರೌಂಡ್ ರಾಕ್, ಈ ಮೂರೂ ಊರಿನ ಸಭೆಗಳಿಗೆ ತಮ್ಮನನ್ನು ಮೇಲ್ವಿಚಾರಕನನ್ನಾಗಿ ಮಾಡುವ ಮಾತು ಬಂತು. ಮತ್ತೆ ಮನೆ ನೋಡುವುದು. ಅದೇ ಇಬ್ಬರು, ಅದೇ ಮೇಜು. ಡಲ್ಲಾಸಿನ ಹಿರಿಯರಿಗೆ ಈಗ ಸಕ್ಕರೆ ಕಾಯಿಲೆ. ಸಿಹಿ ದೂರ ಸರಿಸಿ ಮೂರನೆಯ ರೊಟ್ಟಿ ಕೇಳಿದರು. ಆ ನಡುವಿನ ವರ್ಷಗಳಲ್ಲಿ ನಾನು ರಾತ್ರಿಗಳನ್ನು ಕಳೆದ ರೀತಿ ಬರೆಯುವುದಿಲ್ಲ. ಅವರು ಕುರ್ಚಿ ತಿರುಗಿಸುವುದಕ್ಕೂ ಕಾಯದೆ ಹೇಳಿದೆ:

“ಮೂರು ಮಕ್ಕಳ್ರಿ ಈ ಮನ್ಯಾಗ. ಅವತ್ತ ನಾ ಸುಳ್ಳು ಹೇಳಿದೆ.”

ತಮ್ಮ, “ಅಕ್ಕಾ!” ಎಂದ.

ಡಲ್ಲಾಸಿನವರು ಅಗಿಯುವುದನ್ನು ಮುಗಿಸಿದರು. ಗಾಬರಿಯಾಗಲಿಲ್ಲ. “ಗೊತ್ತಲ್ಲಮ್ಮ. ಆವತ್ತೇ ಗೊತ್ತಿತ್ತು.”

“ಹೆಂಗ್ರಿ?”

“ಅಯ್ಯೋ, ಕೊಳದಲ್ಲಿ ನಡೆದಿದ್ದು ಅದೇ ಸಾಯಂಕಾಲ ಡಲ್ಲಾಸ್‌ಗೆ ಬಂದಿತ್ತು. ಇನ್ನು ಆ ಡ್ರೈಯರು! ನಾನು ದಿನಾ ಅದೇ ಸದ್ದಲ್ಲಿ ಬದುಕೋನು. ಒಂದು ಅಂಗಿ ಗುಂಡಿ ಟಣ್ ಅನ್ನಲ್ಲ, ಒಂದು ಜಿಪ್ ಬಡಿಯಲ್ಲ. ಖಾಲಿ ಡ್ರೈಯರ್ ಯಾರಮ್ಮ ಓಡಿಸ್ತಾರೆ?” ರೌಂಡ್ ರಾಕಿನವರ ಕಡೆ ತಿರುಗಿ, “ದಾರೀಲಿ ಇದೇ ಹೇಳ್ಕೊಂಡು ನಕ್ವಿ, ಅಲ್ವೇನ್ರೀ?” ಎಂದರು.

ರೌಂಡ್ ರಾಕಿನವರು ಹೌದೆಂದು ತಲೆಯಾಡಿಸಿದರು.

“ಮೂರು ಅಂತ ಹೇಳಿದ್ರ ಏನ್ ಮಾಡತಿದ್ರಿ?” ಎಂದು ಕೇಳಿದೆ.

“ಏನ್ ಮಾಡೋದು? ಇವನೇ ಆಗ್ತಿದ್ದ. ಹ್ಯೂಸ್ಟನ್‌ನಲ್ಲಿ ಬೇರೆ ಯಾರಿದ್ರು? ಹಟದ ಮಗು ಯಾರ ಮನೇಲಿಲ್ಲ ಹೇಳಿ. ಆ ಮೊದಲ ಕಾಲದ ಮುಖಂಡರ ಮನೇಲೂ ಇದ್ದಿರಬೇಕು. ಆದ್ರೆ ಎಲ್ಲರೂ ಒಂದೇ ಮಾತಿಗೆ ನಿಂತ್ರಿ ನೋಡಿ, ಸಣ್ಣ ಮಗು ಸಮೇತ. ಅದು ನಮಗೆ ಬಹಳ ಹಿಡಿಸ್ತು.” ಆಮೇಲೆ ತಟ್ಟೆ ಮುಂದೆ ಮಾಡಿ, “ಸ್ವಲ್ಪ ಪಲ್ಯ ಹಾಕಿ” ಎಂದರು.

ನಾನು ಹಾಕಿದೆ.

ತಮ್ಮ ಮೇಲ್ವಿಚಾರಕನಾದ. ಮುಂದಿನ ವಾರ ತಮ್ಮನ ಹೆಂಡತಿ ರೌಂಡ್ ರಾಕಿಗೆ ಹೊರಟಾಗ, “ಕಾರ್ ಹತ್ರಿ” ಎಂದಳು. ದಾರಿಯುದ್ದಕ್ಕೂ ಒಣಹುಲ್ಲಿನ ದುಂಡನೆಯ ಸುರುಳಿಗಳು, ಪೆಟ್ರೋಲ್ ಬಂಕುಗಳು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಿದ್ದೆ.

ಹುಡುಗಿ ಬಾಗಿಲು ತೆರೆದಳು. ಕೂದಲು ಗಿಡ್ಡ ಮಾಡಿಸಿದ್ದಳು. ತಾಯಿಯನ್ನು ಅಪ್ಪಿಕೊಂಡಳು. ನನಗೆ ಕುರ್ಚಿ ಎಳೆದಳು, ನೀರು ಕೊಟ್ಟಳು, ಬಂದವರಿಗೆ ಕೊಡುವ ಹಾಗೆ. ನಾನು ಎಲ್ಲವನ್ನೂ ಹೇಳಿದೆ. ಮೂರು ಎಂದದ್ದು, ಅವರಿಗೆ ಮೊದಲೇ ಗೊತ್ತಿದ್ದದ್ದು, ಮೂರು ಎಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದು. ಅವಳು ಕಿಟಕಿಯ ಹತ್ತಿರ ನಿಂತು ಕೇಳಿದಳು.

“ಸೋ, ಸುಮ್ ಸುಮ್ನೆ ಹೇಳಿದ್ದು” ಎಂದಳು.

“ಹೂಂ.”

“ಓಕೆ. ಅದು ಬಿಡು. ಅಪ್ಪಂಗೋಸ್ಕರ ಅಂತ ಅಂದ್ಕೋತೀನಿ. ಒಂದು ಕೇಳ್ಲಾ? ಸದ್ದು ಬೇಕಿತ್ತು ನಿಂಗೆ. ಐ ಗೆಟ್ ಇಟ್. ತಂಪು ಒತ್ತಿದ್ರೂ ಅದೇ ಸದ್ದು ಬರ್ತಿತ್ತು. ನಂಗೆ ಜ್ವರ ಇತ್ತು. ಬಿಸಿ ಯಾಕೆ ಒತ್ತಿದೆ?”

ತಾಯಿ ನನ್ನ ಕಡೆ ತಿರುಗಿದಳು. ಇದು ಅವಳಿಗೂ ಹೊಳೆದಿರಲಿಲ್ಲ.

“ಗಡಿಬಿಡೀಲಿ ಕೈ ತಪ್ಪಿ ಆಯ್ತಾ?” ಹುಡುಗಿಯ ದನಿ ಮೆತ್ತಗಿತ್ತು. ಹೌದು ಅನ್ನಲಿ ಎಂದೇ ಕೇಳುತ್ತಿದ್ದಳು. ಅಷ್ಟು ವರ್ಷ ಅವಳು ಅದೊಂದನ್ನು ನನಗಾಗಿ ಉಳಿಸಿಟ್ಟುಕೊಂಡಿದ್ದಳು. ಹೌದು ಎಂದಿದ್ದರೆ ನನ್ನನ್ನು ಅಪ್ಪಿಕೊಳ್ಳುತ್ತಿದ್ದಳೋ ಏನೋ.

ಆದರೆ ಆ ಚೀಟಿಗಳನ್ನು ನಾನು ಓದಿಯೇ ಒತ್ತಿದ್ದೆ. ಬೆರಳು ಮೊದಲು ‘ತಂಪು’ವಿನ ಮೇಲೆ ಹೋಗಿತ್ತು. ಅಲ್ಲಿಂದ ಸರಿಸಿ ‘ಬಿಸಿ’ ಒತ್ತಿದೆ. ಬಂದದ್ದಕ್ಕೆ ಅನುಭವಿಸಲಿ ಎಂದುಕೊಂಡಿದ್ದೆ.

“ಇಲ್ಲವ್ವಾ. ನೋಡೇ ಒತ್ತಿದೆ” ಎಂದೆ.

ಅವಳು ಕಿಟಕಿ ಬಿಟ್ಟು ಬಂದಳು. ತಾಯಿಯ ಕೈಚೀಲದಿಂದ ಕಾರಿನ ಕೀಲಿ ತೆಗೆದುಕೊಂಡಳು.

“ಮಮ್ಮಿ ಊಟ ಮಾಡ್ಲಿ. ನೀನು ಕಾರಲ್ಲಿ ಕೂತಿರು, ಅತ್ತಿ.”

ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದಳು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಕಾರಿನ ಬಾಗಿಲು ತೆರೆದು ನನ್ನನ್ನು ಕೂಡಿಸಿ, ಆಚೆ ಕಡೆಯಿಂದ ಬಾಗಿ ಎಂಜಿನ್ ಹಚ್ಚಿದಳು. ಎಸಿಯನ್ನು ಪೂರ್ತಿ ತಂಪಿಗೆ ತಿರುಗಿಸಿದಳು. ಗಾಳಿ ನನ್ನ ಮುಖಕ್ಕೆ ಬರುತ್ತಿದೆಯೇ ಎಂದು ಅಂಗೈ ಒಡ್ಡಿ ನೋಡಿದಳು. ಆಮೇಲೆ ನನ್ನ ಕಡೆ ನೋಡದೆ ಬಾಗಿಲು ಮುಚ್ಚಿ ಹೋದಳು.